ಮಲ್ಪೆಯ ಕಡಲಲ್ಲಿ ಮಡಗಾಸ್ಕರದ ಗಡಿಕಲ್ಲು

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಆರೇಳು ಕಿಲೋಮೀಟರ್ ದೂರದ ಕಡಲಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಉತ್ತರ ದಕ್ಷಿಣಕ್ಕೆ ಸಾಲುಗಟ್ಟಿರುವ ಸೇಂಟ್ ಮೇರಿಸ್ ದ್ವೀಪಗಳು, ಭಾರತವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದು ಪರಸ್ಪರ ಬೇರ್ಪಟ್ಟ ಕಾಲದ ಶಿಲಾದಾಖಲೆ. ಭೂಮಿಯ ಒಡಲಿನಿಂದ ಉಕ್ಕಿದ ಲಾವಾ, ಎಂದರೆ ಕರಗಿದ ಶಿಲಾರಸ, ತಣಿಯುತ್ತ ಬಹುಭುಜಾಕೃತಿಯ ಕಂಬಗಳಾಗಿ ಸೀಳಿಕೊಂಡದ್ದರಿಂದ ಈ ದ್ವೀಪಗಳ ಇಂದಿನ ರೂಪ ಸಿದ್ಧವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕರ್ನಾಟಕದಲ್ಲಿ ಈ ಮನ್ನಣೆ ಪಡೆದ ಇನ್ನು ಮೂರು ಸ್ಥಳಗಳೆಂದರೆ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ ಮತ್ತು ಕೋಲಾರ ಸೀಮೆಯ ಜ್ವಾಲಾಮುಖಿ ಚೂರುಶಿಲೆ. ಆದರೂ ಬೆಂಗಳೂರಿನಿಂದ ವಾರಾಂತ್ಯದ ಪ್ರವಾಸಕ್ಕೆ ಹೊರಡುವವರಿಗೆ ಈ ದ್ವೀಪ ಬಹುಮಟ್ಟಿಗೆ ಒಂದು ಕಡಲತೀರವಾಗಿಯೇ ಪರಿಚಿತವಾಗಿದ್ದು, ಅದರ ಕಲ್ಲನ್ನು ನೋಡಲೆಂದೇ ದೋಣಿ ಹತ್ತುವವರು ವಿರಳ. ನೋಡಬೇಕಾದದ್ದು ಕಲ್ಲನ್ನೇ ಎಂಬುದು ಈ ಲೇಖನದ ನಿಲುವು.

ಸ್ಥಳೀಯರು ತೋನ್ಸೆಪಾರ್ ಎಂದು ಕರೆಯುವ ಈ ಸಮೂಹದಲ್ಲಿ ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ ಎಂಬ ನಾಲ್ಕು ಮುಖ್ಯ ದ್ವೀಪಗಳಿವೆ. ಪ್ರವಾಸಿಗರ ದೋಣಿಗಳು ತಲಪುವ ತೆಂಗಿನ ದ್ವೀಪವೇ ಇವುಗಳಲ್ಲಿ ದೊಡ್ಡದಾದರೂ ಅದರ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್ ಮಾತ್ರ. ಅತಿ ಎತ್ತರದ ಜಾಗವೂ ಕಡಲಮಟ್ಟದಿಂದ ಹತ್ತು ಮೀಟರಿನಷ್ಟೇ ಮೇಲಿದೆ. ದ್ವೀಪದಲ್ಲಿ ಜನವಸತಿಯಿಲ್ಲ. ದರಿಯಾ ಬಹಾದ್ದೂರ್‌ಗಡದಲ್ಲಿ ಬಿದನೂರಿನ ಅರಸ ಬಸವಪ್ಪ ನಾಯಕನು ಕೋಟೆ ಕಟ್ಟಿಸಿದನೆಂದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ದಾಖಲೆಗಳು ಹೇಳುತ್ತವೆ. ಮಲೆನಾಡಿನ ಅರಸೊತ್ತಿಗೆಯೊಂದು ಕಡಲಿನ ಬಂಡೆಯ ಮೇಲೂ ಕಾವಲು ಇರಿಸಲು ಬಯಸಿತ್ತೆಂಬುದು ಆ ಕಾಲದ ಕರಾವಳಿ ವ್ಯಾಪಾರದ ಮಹತ್ವಕ್ಕೆ ಸಾಕ್ಷಿ.

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಿಂದ ಮಲ್ಪೆಗೆ ಸುಮಾರು 400 ಕಿಲೋಮೀಟರ್. ಈ ದಾರಿ ಕರ್ನಾಟಕದ ಭೂರಚನೆಯ ಅಡ್ಡಕೊಯ್ತವೂ ಹೌದು. ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಗವಿಪುರ, ಬಸವನಗುಡಿಗಳ ಕೆಳಗೆ ಹರಡಿರುವುದು ನೀಸ್ ಶಿಲೆ, ಎಂದರೆ ಬಹು ಆಳದಲ್ಲಿ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಕಪ್ಪು ಬಿಳುಪು ಪಟ್ಟೆಗಳಾಗಿ ಮರುಹರಳುಗೊಂಡ ಕಲ್ಲು. ಗವಿ ಗಂಗಾಧರೇಶ್ವರನ ಗುಹಾಲಯವನ್ನು ಕೊರೆದಿರುವುದು, ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವುದು ಇದೇ ಬಗೆಯ ಬಂಡೆಯಲ್ಲಿ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆಯ ಕಡೆಗೆ ಸಾಗಿ, ನೆಲಮಂಗಲದಲ್ಲಿ ಹೆದ್ದಾರಿ ಹಿಡಿದು ಕುಣಿಗಲ್, ಹಾಸನ, ಸಕಲೇಶಪುರಗಳನ್ನು ದಾಟುವವರೆಗೂ ಇದೇ ಪ್ರಾಚೀನ ನೆಲ ಮುಂದುವರಿಯುತ್ತದೆ. ಶಿರಾಡಿ ಘಾಟಿಯಲ್ಲಿ ಭೂಮಿ ಒಮ್ಮೆಲೇ ಕುಸಿದಂತೆ ಇಳಿದ ಮೇಲೆ, ಕರಾವಳಿಯಲ್ಲಿ ಮನೆ ಕಟ್ಟಲು ಕಡಿದು ತೆಗೆಯುವ ಕೆಂಪು ಮುರಕಲ್ಲಿನ ಪ್ರದೇಶ ಆರಂಭವಾಗುತ್ತದೆ. ಮುರಕಲ್ಲೆಂದರೆ ಮಳೆ ಬಿಸಿಲುಗಳ ದೀರ್ಘ ಪರಿಣಾಮದಿಂದ ಮೂಲಶಿಲೆ ಶಿಥಿಲಗೊಂಡು ಕಬ್ಬಿಣಾಂಶ ಉಳಿದು ಗಟ್ಟಿಯಾದ ಪದರ. ಮಲ್ಪೆಯ ದಡ ದಾಟಿದ ಕೂಡಲೇ, ಇವೆರಡಕ್ಕೂ ಸೇರದ ಕಪ್ಪು ಕಂಬಗಳು ಕಡಲಿನಿಂದ ತಲೆಯೆತ್ತಿರುತ್ತವೆ.

ಈ ಕಂಬಗಳು ಕೆತ್ತಿದಂತೆ ಕಾಣುವುದಕ್ಕೆ ಕಾರಣ ತಣಿಯುವಿಕೆಯ ಭೌತಶಾಸ್ತ್ರದಲ್ಲಿದೆ. ದಪ್ಪನೆಯ ಲಾವಾ ಪದರವೊಂದು ಹರಡಿ ನಿಂತಾಗ ಅದರ ಮೇಲ್ಮೈಯೂ ತಳವೂ ಮೊದಲು ತಣಿಯುತ್ತವೆ. ತಣಿದ ಕಲ್ಲು ಕುಗ್ಗುತ್ತದೆ. ಎಲ್ಲ ದಿಕ್ಕಿನಲ್ಲೂ ಸಮವಾಗಿ ಕುಗ್ಗಲು ಹವಣಿಸಿದರೂ ಪಕ್ಕದ ಕಲ್ಲಿಗೆ ಅಂಟಿಕೊಂಡಿರುವುದರಿಂದ ಒಳಗೆ ಎಳೆತ ಹೆಚ್ಚಿ ಬಿರುಕು ಬಿಡುತ್ತದೆ. ಅತ್ಯಂತ ಕಡಿಮೆ ಬಿರುಕಿನಲ್ಲಿ ಅತ್ಯಂತ ಹೆಚ್ಚು ಎಳೆತ ಕಳೆದುಕೊಳ್ಳುವ ವಿನ್ಯಾಸವೆಂದರೆ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡುವುದು. ಹಾಗೆ ಕೂಡಿದ ಬಿರುಕುಗಳ ಜಾಲ ಷಟ್ಕೋನಗಳ ಕಡೆಗೆ ವಾಲುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿದ ಹೊಸಕೆರೆಹಳ್ಳಿ ಕೆರೆಯಂಗಳದ ಹೂಳು ಒಣಗಿ ಹೆಂಚುಹೆಂಚಾಗಿ ಸೀಳುವುದನ್ನು ನೋಡಿದವರಿಗೆ ಈ ತತ್ವ ಸುಲಭವಾಗಿ ಅರ್ಥವಾಗುತ್ತದೆ. ವ್ಯತ್ಯಾಸವಿಷ್ಟೇ: ಕೆಸರಿನಲ್ಲಿ ಬಿರುಕು ಹೆಚ್ಚು ಆಳಕ್ಕೆ ಇಳಿಯದೆ ನಿಲ್ಲುತ್ತದೆ, ಲಾವಾದಲ್ಲಿ ಶಾಖ ಹೊರಹೋಗುತ್ತಿದ್ದಂತೆ ಬಿರುಕಿನ ತುದಿ ಹಂತಹಂತವಾಗಿ ಒಳಕ್ಕೆ ಸರಿಯುತ್ತ, ತಣಿಯುವ ಮೇಲ್ಮೈಗೆ ಲಂಬವಾಗಿ ಉದ್ದನೆಯ ಕಂಬಗಳನ್ನು ಬಿಡಿಸುತ್ತದೆ. ಭೂವಿಜ್ಞಾನಿಗಳು ಇದಕ್ಕೆ ಸ್ತಂಭಾಕಾರದ ಸೀಳು ಎನ್ನುತ್ತಾರೆ. ನಿಸರ್ಗದಲ್ಲಿ ತಣಿಯುವಿಕೆ ಎಲ್ಲೆಡೆ ಒಂದೇ ಸಮನಿರುವುದಿಲ್ಲವಾದ್ದರಿಂದ ಮಲ್ಪೆಯ ಕಂಬಗಳಲ್ಲಿ ಷಟ್ಕೋನದ ಜೊತೆಗೆ ನಾಲ್ಕು, ಐದು, ಏಳು ಮುಖದವೂ ಬೆರೆತಿವೆ. ಕೆಲವು ನೆಟ್ಟಗೆ ನಿಂತಿವೆ, ಕೆಲವು ಓರೆಯಾಗಿವೆ, ಮುರಿದು ಅಡ್ಡಬಿದ್ದವೂ ಇವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ ಸುಮಾರು 40,000 ಕಂಬಗಳಿದ್ದು ಅವನ್ನು ನೋಡಲು ಲೋಕವೇ ನೆರೆಯುತ್ತದೆ. ಅವುಗಳ ವಯಸ್ಸು ಸುಮಾರು 6 ಕೋಟಿ ವರ್ಷ, ಮಲ್ಪೆಯ ಕಂಬಗಳಿಗಿಂತ ಬಹಳ ಚಿಕ್ಕದು.

ಪ್ರವಾಸಿ ಫಲಕಗಳೂ ಕೈಪಿಡಿಗಳೂ ಈ ಕಲ್ಲನ್ನು ಬಸಾಲ್ಟ್ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಇದು ತಿದ್ದಬೇಕಾದ ಮಾತು. ಬಸಾಲ್ಟಿನಲ್ಲಿ ಸಿಲಿಕಾ ಪ್ರಮಾಣ ಸುಮಾರು ಅರ್ಧದಷ್ಟಿದ್ದರೆ, ಈ ದ್ವೀಪಗಳ ಶಿಲೆಯಲ್ಲಿ ಅದು ಮೂರರಲ್ಲಿ ಎರಡು ಪಾಲಿನಷ್ಟೋ ಅದಕ್ಕಿಂತ ಹೆಚ್ಚೋ ಇದ್ದು, ಅದನ್ನು ಡೇಸೈಟ್ ಮತ್ತು ರಯೋಲೈಟ್ ವರ್ಗಕ್ಕೆ ಸೇರಿಸಲಾಗುತ್ತದೆ. ಈ ಭೇದಕ್ಕೆ ಮಹತ್ವವಿದೆ. ಸಿಲಿಕಾ ಹೆಚ್ಚಿದಷ್ಟೂ ಶಿಲಾರಸ ಅಂಟಂಟಾಗುತ್ತದೆ, ದೂರ ಹರಿಯಲಾರದು. ಜೊತೆಗೆ ಅಂಥ ಶಿಲಾರಸ ಹುಟ್ಟಬೇಕಾದರೆ ಭೂಮಿಯ ಮೇಲ್ಪದರದ ಹಳೆಯ ಕಲ್ಲು ಕರಗಿ ಬೆರೆಯುವುದು ಅಥವಾ ಶಿಲಾರಸ ಒಳಗೇ ಬಹುಕಾಲ ನಿಂತು ಹರಳುಗಳನ್ನು ಬಿಟ್ಟುಕೊಡುವುದು ಮುಂತಾದ ಕ್ರಿಯೆಗಳು ನಡೆಯಬೇಕಾಗುತ್ತದೆ. ಒಡೆದ ಹೊಸ ಮುಖದಲ್ಲಿ ಬೂದುಗಪ್ಪು ನೆಲದ ಮೇಲೆ ಬಿಳಿಯ ಚುಕ್ಕೆಗಳಂತೆ ಕಾಣುವ ಫೆಲ್ಡ್‌ಸ್ಪಾರ್ ಹರಳುಗಳು ಹೀಗೆ ಒಳಗೆ ನಿಂತಿದ್ದ ಅವಧಿಯಲ್ಲಿ ಬೆಳೆದವು. ಇನ್ನೊಂದು ತಪ್ಪು ಕಲ್ಪನೆಯೂ ಇದೆ: ಈ ದ್ವೀಪವೇ ಒಂದು ಜ್ವಾಲಾಮುಖಿಯ ಶಿಖರ ಎಂಬುದು. ಸರ್ವೇಕ್ಷಣಾ ಸಂಸ್ಥೆಯ ವಿವರಣೆಯಂತೆ ಈ ಲಾವಾ ಕಡಲ ತಳದಲ್ಲಿ ಉಕ್ಕಿದ್ದಲ್ಲ. ಬಯಲಿನ ಗಾಳಿಗೆ ತೆರೆದ ನೆಲದಲ್ಲಿ, ಮೇಲ್ಮೈಗೆ ಹತ್ತಿರದಲ್ಲಿ ನಡೆದ ಜ್ವಾಲಾಮುಖಿ ಚಟುವಟಿಕೆಯ ಫಲ. ಮರಡಿಹಳ್ಳಿಯ ದಿಂಬು ಲಾವಾ ಇದಕ್ಕೆ ನೇರ ವಿರುದ್ಧವಾಗಿ ನೀರಿನೊಳಗೇ ಉಕ್ಕಿ, ತಣ್ಣೀರು ತಾಗಿದೊಡನೆ ಉಂಡೆಗಟ್ಟಿದ್ದು. ಮಲ್ಪೆಯಲ್ಲಿ ಇಂದು ಉಳಿದಿರುವುದು ಆ ಹಿಂದಿನ ಲಾವಾ ಹಾಸಿನ ಕೆಲವು ತುಣುಕುಗಳು ಮಾತ್ರ. ಮಿಕ್ಕದ್ದನ್ನು ಕಡಲೂ ಕಾಲವೂ ಸವೆಸಿವೆ.

ಈ ಕಲ್ಲಿನ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ. 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ, ಈ ದ್ವೀಪಗಳ ಸುತ್ತಲಿನ ಶಿಲೆಗಳನ್ನು ಕುರಿತ ಸಿ. ನಾಗಣ್ಣ ಅವರ ಪ್ರಬಂಧ 1966ರಲ್ಲೇ ಪ್ರಕಟವಾಯಿತು. ವಯಸ್ಸಿನ ಪ್ರಶ್ನೆಗೆ ಉತ್ತರ ದೊರೆತದ್ದು ಪೊಟ್ಯಾಸಿಯಂ ಮತ್ತು ಆರ್ಗಾನ್ ಎಂಬ ಧಾತುಗಳಿಂದ. ಪೊಟ್ಯಾಸಿಯಂನ ಒಂದು ವಿಕಿರಣಶೀಲ ರೂಪ ಬಹು ನಿಧಾನವಾಗಿ, 125 ಕೋಟಿ ವರ್ಷಕ್ಕೆ ಅರ್ಧದಷ್ಟು ಎಂಬ ಗತಿಯಲ್ಲಿ ಕ್ಷಯಿಸುತ್ತ, ಅದರ ಒಂದು ಭಾಗ ಆರ್ಗಾನ್ ಅನಿಲವಾಗುತ್ತದೆ. ಕಲ್ಲು ಕರಗಿದ ಸ್ಥಿತಿಯಲ್ಲಿದ್ದಾಗ ಆ ಅನಿಲ ಹೊರಹೋಗುತ್ತದೆ. ಗಟ್ಟಿಯಾದ ಮೇಲೆ ಒಳಗೇ ಸೆರೆಯಾಗುತ್ತದೆ. ಆದ್ದರಿಂದ ಸೆರೆಸಿಕ್ಕ ಆರ್ಗಾನನ್ನು ಅಳೆದರೆ ಕಲ್ಲು ಗಟ್ಟಿಯಾಗಿ ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. 1981ರಲ್ಲಿ ವಾಲ್ಸಂಗ್ಕರ್ ಮತ್ತು ಸಂಗಡಿಗರು ಈ ವಿಧಾನದಿಂದ ಸುಮಾರು 9.3 ಕೋಟಿ ವರ್ಷವೆಂದು ಲೆಕ್ಕ ಹಾಕಿದರು. 2001ರಲ್ಲಿ ಕಾಂಚನ್ ಪಾಂಡೆ ಮತ್ತು ಸಂಗಡಿಗರು ಇನ್ನಷ್ಟು ಸೂಕ್ಷ್ಮವಾದ ಆರ್ಗಾನ್ ವಿಧಾನ ಬಳಸಿ 8.56 ಕೋಟಿ ವರ್ಷವೆಂದು ನಿರ್ಧರಿಸಿದರು. ಜನಪ್ರಿಯ ಬರಹಗಳಲ್ಲಿ ಕಾಣುವ 8.8 ಕೋಟಿ ವರ್ಷ ಇವೆರಡರ ನಡುವಿನ ಸಂಖ್ಯೆ. ಡೈನೋಸಾರುಗಳು ಇನ್ನೂ ಭೂಮಿಯನ್ನು ಆಳುತ್ತಿದ್ದ ಕ್ರಿಟೇಷಿಯಸ್ ಯುಗದ ಉತ್ತರಾರ್ಧವದು.

ಆ ಸಂಖ್ಯೆಗೆ ಅರ್ಥ ಬರುವುದು ಮಡಗಾಸ್ಕರದ ಜೊತೆ ಹೋಲಿಸಿದಾಗ. ದಕ್ಷಿಣ ಗೋಳಾರ್ಧದ ನೆಲಗಳೆಲ್ಲ ಕೂಡಿಕೊಂಡಿದ್ದ ಗೊಂಡ್ವಾನ ಎಂಬ ಮಹಾಖಂಡ ಒಡೆಯತೊಡಗಿದಾಗ ಭಾರತ ಮತ್ತು ಮಡಗಾಸ್ಕರ ಸುಮಾರು 16 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಿಂದ ಒಟ್ಟಾಗಿಯೇ ಬೇರ್ಪಟ್ಟವು. ಅನಂತರ ಬಹುಕಾಲ ಜೊತೆಯಾಗಿಯೇ ಇದ್ದ ಈ ಎರಡು ನೆಲಗಳು, ಭೂಗರ್ಭದ ಆಳದಿಂದ ಬಿಸಿ ಶಿಲೆ ನಿರಂತರ ಮೇಲೇಳುವ ಮರಿಯನ್ ಎಂಬ ತಪ್ತಬಿಂದುವಿನ ಮೇಲೆ ಬಂದಾಗ ಒಡೆದವು; ಆ ತಪ್ತಬಿಂದುವಿಗೆ ಹೆಸರು ಕೊಟ್ಟ ಮರಿಯನ್ ದ್ವೀಪ ಇಂದಿಗೂ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 46 ಡಿಗ್ರಿಗೂ ಹೆಚ್ಚು ದೂರದ ಚಳಿಯ ಕಡಲಿನಲ್ಲಿದೆ. ಮಡಗಾಸ್ಕರದಲ್ಲಿ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರೀ ಪ್ರಮಾಣದ ಲಾವಾ ಹರಿದುದಕ್ಕೆ ಪುರಾವೆ ಹೇರಳವಾಗಿದೆ. ಭಾರತದ ಕಡೆಯಲ್ಲಿ ಅದೇ ಘಟನೆಯ ಲಾವಾ ನೆಲದ ಮೇಲೆ ಕಣ್ಣಿಗೆ ಬೀಳುವಂತೆ ಉಳಿದಿರುವ ತಾಣವೆಂದರೆ ಮಲ್ಪೆಯೆದುರಿನ ಈ ಬಂಡೆಸಾಲು. ಒಳನಾಡಿನಲ್ಲಿ, ತುಮಕೂರು ಜಿಲ್ಲೆಯ ಹುಳಿಯಾರಿನ ಸುತ್ತಮುತ್ತ, ಹಳೆಯ ಶಿಲೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಗೋಡೆಯಂಥ ಕಪ್ಪು ಕಲ್ಲಿನ ಪಟ್ಟಿಗಳಲ್ಲಿ ಕೆಲವು ಇದೇ ಕಾಲದವೆಂದು ಆರ್ಗಾನ್ ಅಳತೆಗಳು ತೋರಿಸಿವೆ. ಇಂಥ ಪಟ್ಟಿಗೆ ಡೈಕ್ ಎಂದು ಹೆಸರು.

ಈ ಒಡಕಿನ ಪರಿಣಾಮ ದ್ವೀಪಕ್ಕಷ್ಟೇ ಸೀಮಿತವಲ್ಲ. ಮಡಗಾಸ್ಕರದ ಪೂರ್ವ ಕರಾವಳಿ ಗೆರೆ ಎಳೆದಂತೆ ನೇರವಾಗಿದೆ. ಅದರ ಹಿಂದೆ ಕಡಿದಾದ ಘಟ್ಟ ಎದ್ದಿದೆ. ಕರ್ನಾಟಕದ ಕರಾವಳಿಯ ಹಿಂದೆಯೂ ಹಾಗೆಯೇ ಪಶ್ಚಿಮಘಟ್ಟ ನಿಂತಿದೆ. ಇವೆರಡೂ ಒಂದೇ ಸೀಳಿನ ಎರಡು ಅಂಚುಗಳು ಎಂದು ಅನೇಕ ಭೂವಿಜ್ಞಾನಿಗಳು ವಿವರಿಸುತ್ತಾರೆ. ಮಡಗಾಸ್ಕರದ ಈಶಾನ್ಯದ ಅಂಟೊಂಗಿಲ್ ಕೊಲ್ಲಿಯ ಸುತ್ತ ಸಿಗುವ 300 ಕೋಟಿ ವರ್ಷಕ್ಕೂ ಹಳೆಯ ನೀಸ್ ಶಿಲೆ ಧಾರವಾಡ ಭೂಫಲಕಕ್ಕೆ, ಎಂದರೆ ಕರ್ನಾಟಕದ ಬಹುಭಾಗವನ್ನು ಹೊತ್ತಿರುವ ಪ್ರಾಚೀನ ಶಿಲಾಪೀಠಕ್ಕೆ, ಹೊಂದಿಕೊಳ್ಳುತ್ತದೆ. ಹೊಸಕೆರೆಹಳ್ಳಿಯಲ್ಲಿ ಮನೆಯ ಪಾಯ ತೋಡುವಾಗ ಗುದ್ದಲಿಗೆ ಅಡ್ಡವಾಗುವ ಕಲ್ಲಿಗೂ ಅಂಟೊಂಗಿಲ್ ಕೊಲ್ಲಿಯ ದಡದ ಕಲ್ಲಿಗೂ ಇಷ್ಟು ಹತ್ತಿರದ ನಂಟಿದೆ. ಮಲ್ಪೆಯ ಕಪ್ಪು ಕಂಬಗಳು ಆ ಎರಡು ದಾಯಾದಿ ನೆಲಗಳು ಪಾಲಾದಾಗ ನೆಟ್ಟ ಗಡಿಕಲ್ಲು.

ಲಾವಾ ತಣಿಯುವಾಗ ಅದರೊಳಗಿನ ಕಬ್ಬಿಣಾಂಶದ ಕಣಗಳ ಕಾಂತತ್ವ ಆ ಹೊತ್ತಿನ ಭೂಕಾಂತದ ದಿಕ್ಕಿಗೆ ಹೊಂದಿಕೊಂಡು ಹಾಗೆಯೇ ಉಳಿದುಬಿಡುತ್ತದೆ. ಕಾಂತರೇಖೆಗಳು ಧ್ರುವಗಳ ಕಡೆಗೆ ಹೋದಂತೆ ನೆಲಕ್ಕೆ ಹೆಚ್ಚು ಕಡಿದಾಗುವುದರಿಂದ, ಆ ಕಾಂತತ್ವದ ಓರೆಯನ್ನು ಅಳೆದು ಕಲ್ಲು ಹುಟ್ಟಿದ ಅಕ್ಷಾಂಶವನ್ನು ತಿಳಿಯಬಹುದು. ಹಾಗೆ ನೋಡಿದಾಗ, ಇಂದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ತೆಂಗಿನ ನೆರಳಲ್ಲಿರುವ ಈ ಉಷ್ಣವಲಯದ ದ್ವೀಪದ ಕಲ್ಲು ಹುಟ್ಟಿದ್ದು ಭೂಮಧ್ಯರೇಖೆಯ ಆಚೆ, ದಕ್ಷಿಣದ ಉಷ್ಣವಲಯದ ಗಡಿಯನ್ನೂ ದಾಟಿದ ತಂಪು ಪ್ರದೇಶದಲ್ಲಿ. ಅಲ್ಲಿಂದ ಉತ್ತರಕ್ಕೆ ಸಾಗುವ ದಾರಿಯಲ್ಲಿ ಭಾರತ 6.6 ಕೋಟಿ ವರ್ಷಗಳ ಹಿಂದೆ ರಿಯೂನಿಯನ್ ಎಂಬ ಇನ್ನೊಂದು ತಪ್ತಬಿಂದುವನ್ನು ದಾಟಿದಾಗ ದಖನ್ನಿನ ಲಾವಾ ಪ್ರಸ್ತರ ಹರಡಿತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕಪ್ಪು ಎರೆ ಭೂಮಿ ಅದರ ಕೊಡುಗೆ.

ಮಲ್ಪೆಯ ಲಾವಾ ಎಂದೋ ತಣಿದದ್ದು; ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಇರುವುದು ಅಂಡಮಾನ್ ಕಡಲಿನಲ್ಲಿ, ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದ ಬ್ಯಾರನ್ ದ್ವೀಪದಲ್ಲಿ. 1787ರಲ್ಲಿ ಅದರ ಸ್ಫೋಟ ಮೊದಲು ದಾಖಲಾಯಿತು. ದೀರ್ಘ ನಿದ್ರೆಯ ನಂತರ 1991ರಲ್ಲಿ ಮತ್ತೆ ಎಚ್ಚೆತ್ತು, ಆಮೇಲೂ ಹಲವು ಬಾರಿ ಬೂದಿ ಲಾವಾ ಉಗುಳಿದೆ. ಅಲ್ಲಿ ಪ್ರವಾಸಿಗರು ದಡಕ್ಕಿಳಿಯುವಂತಿಲ್ಲ, ಹಡಗಿನಿಂದ ನೋಡಬಹುದಷ್ಟೆ. ಜ್ವಾಲಾಮುಖಿಯ ಹೊರಮೈಯನ್ನು ಬ್ಯಾರನ್ ತೋರಿಸಿದರೆ, ತಣಿದ ಲಾವಾದ ಒಳರಚನೆಯನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶ ಮಲ್ಪೆಯಲ್ಲಿದೆ. ಅದಕ್ಕೆ ಬೇಕಾದದ್ದು ಅರ್ಧ ಗಂಟೆಯ ಆಸುಪಾಸಿನ ಒಂದು ದೋಣಿಪ್ರಯಾಣ.

ದ್ವೀಪದ ಹೆಸರಿನ ಬಗ್ಗೆ ಪ್ರಚಲಿತವಿರುವ ಕಥೆಯಲ್ಲಿ, ವಾಸ್ಕೋ ಡ ಗಾಮಾ 1498ರಲ್ಲಿ ಕೋಯಿಕ್ಕೋಡಿಗೆ ಹೋಗುವ ಮುನ್ನ ಇಲ್ಲಿ ಇಳಿದು ಶಿಲುಬೆ ನೆಟ್ಟು ಮಾತೆ ಮೇರಿಯ ಹೆಸರಿಟ್ಟನೆಂದಿದೆ. ಆ ಯಾನದ ದಿನಚರಿ ಬೇರೆಯದೇ ಕ್ರಮವನ್ನು ಹೇಳುತ್ತದೆ. ಗಾಮಾ ಮೇ ತಿಂಗಳಲ್ಲಿ ಕೋಯಿಕ್ಕೋಡು ತಲುಪಿ, ಅಲ್ಲಿನ ಅರಸ ಸಾಮೂದಿರಿಯೊಂದಿಗೆ ಸಂಬಂಧ ಕೆಟ್ಟು, ಆಗಸ್ಟ್ ಕೊನೆಯಲ್ಲಿ ಅಲ್ಲಿಂದ ಹೊರಟು ಉತ್ತರಕ್ಕೆ ಬರುವಾಗ, ಸೆಪ್ಟೆಂಬರ್ ಮಧ್ಯದಲ್ಲಿ ದಡದಿಂದ ಸ್ವಲ್ಪ ದೂರದ ಕಿರುದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನಿಲ್ಲಿಸಿದನು. ಆ ಕಿರುದ್ವೀಪವೇ ಇದೆಂದು ಪರಂಪರೆ ಗುರುತಿಸುತ್ತದೆ. ಪೋರ್ಚುಗಲ್ಲಿನ ನಾವಿಕರು ತಾವು ಮುಟ್ಟಿದ ನೆಲದ ಗುರುತಿಗಾಗಿ ನೆಡುತ್ತಿದ್ದ ಇಂಥ ಶಿಲುಬೆ ಹೊತ್ತ ಕಂಬಕ್ಕೆ ಪಡ್ರಾವೊ ಎನ್ನುತ್ತಿದ್ದರು. ಅಲ್ಲಿಂದ ಅವರ ಹಡಗುಗಳು ಕಾರವಾರದ ಬಳಿಯ ಅಂಜದೀವಕ್ಕೆ ಹೋಗಿ ದುರಸ್ತಿಗೆ ನಿಂತವು. ಆದ್ದರಿಂದ ದ್ವೀಪಕ್ಕೆ ಆ ಹೆಸರು ಬಂದದ್ದು ಆಗಮನದ ಸಂಭ್ರಮದಲ್ಲಲ್ಲ, ಮರಳುವ ದಾರಿಯಲ್ಲಿ.

ಭೇಟಿಗೆ ತಕ್ಕ ಕಾಲ ಅಕ್ಟೋಬರಿನಿಂದ ಮೇ ಮೊದಲ ಭಾಗದವರೆಗೆ. ಮುಂಗಾರಿನಲ್ಲಿ ಕಡಲು ಒರಟಾಗುವುದರಿಂದ ದೋಣಿ ಸಂಚಾರ ನಿಲ್ಲುತ್ತದೆ. ಕಂಬಗಳನ್ನು ನಿಜವಾಗಿ ನೋಡಬೇಕೆನ್ನುವವರು ಕಡಲಿಳಿತದ ಹೊತ್ತನ್ನು ವಿಚಾರಿಸಿಕೊಂಡು, ಗದ್ದಲ ಹೆಚ್ಚುವ ಮೊದಲು, ಬೆಳಗಿನ ದೋಣಿಯಲ್ಲೇ ಹೋಗುವುದು ಮೇಲು. ಆ ಹೊತ್ತಿನಲ್ಲಿ ದ್ವೀಪದ ಪಡುವಣ ಅಂಚಿನಲ್ಲಿ ಕಂಬಗಳ ತಲೆಗಳು ಕಾಲ ಕೆಳಗೆ ಹಾಸಿದ ಬಹುಭುಜ ಚಪ್ಪಡಿಗಳಾಗಿ ಕಾಣುತ್ತವೆ. ಪ್ರತಿ ಚಪ್ಪಡಿಯ ಸುತ್ತ ಬೆರಳು ತೂರುವಷ್ಟು ಸಂದು, ಸಂದಿನಲ್ಲಿ ಕಪ್ಪೆಚಿಪ್ಪಿನ ಚೂರು ಮತ್ತು ಪಾಚಿ, ಸವೆದು ತಗ್ಗಾದ ಕೆಲವು ತಲೆಗಳಲ್ಲಿ ಇಳಿತ ಬಿಟ್ಟುಹೋದ ಅಂಗೈಯಗಲದ ಉಪ್ಪುನೀರು. ಅಂಚಿಗೆ ಬಂದು ಪಕ್ಕದಿಂದ ನೋಡಿದರೆ ಅದೇ ಚಪ್ಪಡಿ ಕೆಳಗಿನವರೆಗೂ ಇಳಿದ ಕಂಬವೆಂದು ತಿಳಿಯುತ್ತದೆ, ಅಲೆ ಯಾವ ಸೀಳಿನಲ್ಲಿ ನುಗ್ಗಿ ಯಾವ ಕಂಬವನ್ನು ಮುಂದೆ ಕೀಳಲಿದೆ ಎಂಬುದೂ ಗೋಚರಿಸುತ್ತದೆ. ಕಡಲಮಟ್ಟಕ್ಕಿಂತ ಮೇಲೆ ಮೆಟ್ಟಿಲಿನಂತೆ ಕಾಣುವ ಸಮತಟ್ಟಾದ ಹಾಸುಗಳನ್ನು ಅಲೆಗಳು ಕೊರೆದದ್ದೆಂದೂ, ಹಿಂದೆ ಕಡಲು ಇಂದಿಗಿಂತ ಎತ್ತರದಲ್ಲಿತ್ತೆಂಬುದಕ್ಕೆ ಅವು ಪುರಾವೆಯೆಂದೂ ಸಂಶೋಧಕರು ಗುರುತಿಸಿದ್ದಾರೆ. ಹಾಸುಬಂಡೆ ನುಣುಪಾಗಿರುವುದರಿಂದ ಒದ್ದೆಯಾದಾಗ ಅಪಾಯಕರ. ಜೀವರಕ್ಷಕರು ಬೇಡವೆಂದ ಅಂಚಿಗೆ ಚಿತ್ರ ತೆಗೆಯಲು ಹೋಗುವುದು ಎಂದಿಗೂ ಸಲ್ಲದು.

ದ್ವೀಪದ ಕೆಲವು ದಂಡೆಗಳಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ಅಲೆಗಳು ತಂದು ಸುರಿದು, ಉಜ್ಜಿ, ಪುಡಿಮಾಡುವ ಈ ಚಿಪ್ಪುಗಳೇ ಮರಳಾಗಿ ದಂಡೆಯನ್ನು ಹಿಡಿದಿಡುತ್ತವೆ. ಸನ್ಯಾಸಿ ಏಡಿಗಳು ಖಾಲಿ ಚಿಪ್ಪನ್ನೇ ಮನೆ ಮಾಡಿಕೊಳ್ಳುತ್ತವೆ. ನೆನಪಿಗೆಂದು ಪ್ರತಿಯೊಬ್ಬರೂ ಒಂದು ಹಿಡಿ ಚಿಪ್ಪು ಒಯ್ದರೆ ಇಷ್ಟು ಚಿಕ್ಕ ದಂಡೆಗೆ ಅದು ಸಣ್ಣ ನಷ್ಟವಲ್ಲ. ಕಲ್ಲಿನ ವಿಷಯದಲ್ಲಂತೂ ನಷ್ಟ ಭರ್ತಿಯಾಗುವ ಮಾತೇ ಇಲ್ಲ, ಏಕೆಂದರೆ ಈ ಲಾವಾ ಇನ್ನೊಮ್ಮೆ ಉಕ್ಕುವುದಿಲ್ಲ. ಕಂಬದ ಮೇಲೆ ಹೆಸರು ಕೆತ್ತುವುದು, ಹರಳಿನ ಆಸೆಗೆ ಮೂಲೆ ಒಡೆಯುವುದು, ಸಂದುಗಳಲ್ಲಿ ಪ್ಲಾಸ್ಟಿಕ್ ತುರುಕುವುದು, ಶಾಸನವನ್ನು ಅಳಿಸುವುದಕ್ಕೆ ಸಮನಾದ ಅಪರಾಧಗಳೆಂದೇ ಪರಿಗಣಿಸಬೇಕಾದವು.

ಶಾಸನಗಳಿಗೂ ಗುಡಿಗಳಿಗೂ ಪುರಾತತ್ವ ಕಾನೂನಿನ ರಕ್ಷಣೆಯಿದೆ. ಭೂವೈಜ್ಞಾನಿಕ ಸ್ಮಾರಕಕ್ಕೆ ಅಂಥದೇ ಪ್ರತ್ಯೇಕ ಕಾನೂನು ಬೇಕೆಂಬ ಬೇಡಿಕೆ ಹಳೆಯದು. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ಸಂರಕ್ಷಣೆಗಾಗಿ ಮಸೂದೆಯೊಂದರ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಅದು ಕಾಗದದಲ್ಲೇ ಉಳಿಯದೆ ಬಲವಾದ ಕಾಯ್ದೆಯಾಗಬೇಕು. ಕಾಯ್ದೆಗೆ ಕಾಯದೆಯೂ ಮಾಡಬಹುದಾದ ಕೆಲಸಗಳಿವೆ. ಮಲ್ಪೆಯ ಕಡಲನ್ನು ತಲೆತಲಾಂತರದಿಂದ ಬಲ್ಲ ಮೊಗವೀರ ಕುಟುಂಬಗಳ ಯುವಕ ಯುವತಿಯರಿಗೆ ಈ ಕಲ್ಲಿನ ಚರಿತ್ರೆಯನ್ನು ಕಲಿಸಿ, ಕನ್ನಡ ಮತ್ತು ತುಳುವಿನಲ್ಲಿ ವಿವರಿಸಬಲ್ಲ ಮಾರ್ಗದರ್ಶಿಗಳನ್ನಾಗಿ ನೇಮಿಸಬಹುದು. ಸರ್ವೇಕ್ಷಣಾ ಸಂಸ್ಥೆಯ ಕರ್ನಾಟಕ ಕಚೇರಿ ಹೊಸಕೆರೆಹಳ್ಳಿಗೆ ಕೆಲವೇ ಕಿಲೋಮೀಟರ್ ದೂರದ ಕುಮಾರಸ್ವಾಮಿ ಬಡಾವಣೆಯಲ್ಲಿದೆ. ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಶಾಲೆಗಳು ಅದರ ತಜ್ಞರ ನೆರವು ಕೋರಿ, ಮಕ್ಕಳಿಗೆ ಮೊದಲು ಲಾಲ್‌ಬಾಗಿನ ಬಂಡೆಯನ್ನು ತೋರಿಸಿ, ಆಮೇಲೆ ಮಲ್ಪೆಯ ಪ್ರವಾಸಕ್ಕೆ ಕರೆದೊಯ್ಯಲಿ. ದೋಣಿ ಹತ್ತುವ ಪ್ರತಿ ಮಗುವಿನ ಕೈಯಲ್ಲೂ ಒಂದು ಭೂಪಟವಿರಲಿ, ಅದರಲ್ಲಿ ಮಡಗಾಸ್ಕರದ ಪೂರ್ವ ಕರಾವಳಿಯನ್ನು ಮೊದಲೇ ಗುರುತು ಹಾಕಿಕೊಂಡಿರಲಿ.